ಬ್ರೌಸರ್ ಆಟಗಳ ಮೂಲಕ ಪ್ರೋಗ್ರಾಮಿಂಗ್ ಕಲಿಕೆ: ದಾವಣಗೆರೆ, ಹರಿಹರದ ಪ್ರೌಢಶಾಲೆಗಳ ಹಿನ್ನೆಲೆಯಲ್ಲಿ

ಎಂಟರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರಿನಲ್ಲಿ ಓಡುವ ಪುಟ್ಟ ಆಟಗಳನ್ನು ತಾವೇ ಬರೆದು, ಆ ನೆಪದಲ್ಲಿ ಪ್ರೋಗ್ರಾಮಿಂಗಿನ ಮೊದಲ ಪಾಠಗಳನ್ನು ಕಲಿಯುವ ಬೋಧನಕ್ರಮ. ಸಂಖ್ಯೆ ಊಹಿಸುವ ಆಟ, ಹಲಗೆಗೆ ಬಡಿದು ಪುಟಿಯುವ ಚೆಂಡು, ಹಾವಿನ ಆಟ, ಪದ ಹುಡುಕುವ ಆಟ, ಚೌಕಾಬಾರ ಮುಂತಾದವು ಇದರ ಸಾಮಗ್ರಿ. ಆಟ ಆಡಿಸಿ ಗಣಿತವನ್ನೋ ಇಂಗ್ಲಿಷನ್ನೋ ಕಲಿಸುವ ಪದ್ಧತಿ ಬೇರೆ. ಇಲ್ಲಿ ವಿದ್ಯಾರ್ಥಿ ಆಟ ಆಡುವುದು ತಾನು ಬರೆದದ್ದು ಸರಿಯಾಗಿದೆಯೇ ಎಂದು ನೋಡುವುದಕ್ಕೆ. ಉಳಿದ ಹೊತ್ತೆಲ್ಲ ನಿಯಮ ಬರೆಯುವುದು, ತಪ್ಪು ಹುಡುಕುವುದು, ತಿದ್ದುವುದು.

ದಾವಣಗೆರೆ ನಗರವನ್ನೂ ಅಲ್ಲಿಂದ ಸುಮಾರು 14 ಕಿ.ಮೀ. ದೂರದಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹರಿಹರವನ್ನೂ ಮುಂದಿಟ್ಟುಕೊಂಡು ಈ ಕ್ರಮವನ್ನು ಇಲ್ಲಿ ಪರಿಶೀಲಿಸಿದೆ. ಎಂಜಿನಿಯರಿಂಗ್ ಕಾಲೇಜುಗಳೂ ಯಂತ್ರೋದ್ಯಮದ ಹಳೆಯ ಪರಿಚಯವೂ ಕನ್ನಡ ಮಾಧ್ಯಮದ ಶಾಲೆಗಳೂ ಒಟ್ಟಿಗೇ ಇರುವ ಇಂಥ ಜೋಡಿ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಹಿನ್ನೆಲೆ

ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕೆಂಬ ವಿಚಾರ ಬ್ರೌಸರಿಗಿಂತ ಬಹಳ ಹಳೆಯದು. ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರ್ ದಕ್ಕಬೇಕೆಂದು ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ ಬೇಸಿಕ್ ಭಾಷೆಯನ್ನು ರೂಪಿಸಿದರು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲಮನ್ ಮೊದಲಾದವರು ಮಕ್ಕಳಿಗೆಂದೇ ಲೋಗೋ ಭಾಷೆಯನ್ನು ತಂದರು. ಯಂತ್ರ ಹೇಳಿಕೊಟ್ಟದ್ದನ್ನು ಮಗು ಒಪ್ಪಿಸುವ ಬದಲು ಮಗುವೇ ಯಂತ್ರಕ್ಕೆ ಹೇಳಿಕೊಡಬೇಕು ಎಂಬುದು ಪ್ಯಾಪರ್ಟರ ವಾದ. 1980ರಲ್ಲಿ ಬಂದ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಇದರ ವಿಸ್ತಾರವಿದೆ. ಅವರ ಬಳಗದ ಯಾಸ್ಮಿನ್ ಕಫಾಯ್ ಬಾಸ್ಟನ್ನಿನ ನಾಲ್ಕನೆಯ ತರಗತಿಯ ಮಕ್ಕಳಿಂದ ಭಿನ್ನರಾಶಿ ಕಲಿಸುವ ಆಟಗಳನ್ನು ಮಾಡಿಸಿ, ಆ ಅನುಭವವನ್ನು 1995ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆಟ ಮಾಡುವುದೇ ಪಾಠ ಎಂಬ ಮಾತಿಗೆ ಅಲ್ಲಿಂದ ಶೈಕ್ಷಣಿಕ ಬುನಾದಿ ಸಿಕ್ಕಿತೆನ್ನಬಹುದು. ಎಂಐಟಿಯ ಮಿಚೆಲ್ ರೆಸ್ನಿಕ್ ಬಳಗದ ಸ್ಕ್ರ್ಯಾಚ್ 2007ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. 2013ರಲ್ಲಿ ಬ್ರೌಸರಿನೊಳಗೆ ಬಂತು. ಬೀಜಗಣಿತವನ್ನು ವಿಡಿಯೊ ಆಟ ಬರೆಸುವ ಮೂಲಕ ಕಲಿಸುವ ಬೂಟ್‌ಸ್ಟ್ರ್ಯಾಪ್ ಎಂಬ ಅಮೆರಿಕದ ಪಠ್ಯಕ್ರಮವೂ ಬ್ರೌಸರನ್ನೇ ನೆಚ್ಚಿಕೊಂಡಿದೆ.

ಬ್ರೌಸರಿನ ಸ್ವಂತ ಭಾಷೆಯಾದ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನಗಳಲ್ಲಿ ಬರೆದು ಮುಗಿಸಿದರು. ಅವಸರದ ಕುರುಹು ಭಾಷೆಯಲ್ಲಿ ಇಂದಿಗೂ ಉಳಿದಿದೆ. ಚಿತ್ರ ಬಿಡಿಸುವ ಕ್ಯಾನ್‌ವಾಸ್ ಸೌಲಭ್ಯವನ್ನು ಆ್ಯಪಲ್ 2004ರಲ್ಲಿ ಪರಿಚಯಿಸಿತು, ಕ್ರಮೇಣ ಎಲ್ಲ ಬ್ರೌಸರುಗಳಿಗೂ ಅದು ಹಬ್ಬಿತು. ಒಂದು ಕಾಲದಲ್ಲಿ ಬ್ರೌಸರ್ ಆಟ ಎಂದರೆ ಫ್ಲ್ಯಾಶ್ ಎಂದೇ ಆಗಿತ್ತು. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಕಲಿಯುವವರ ಮಟ್ಟಿಗೆ ಇದು ಒಳ್ಳೆಯದೇ ಆಯಿತು: ಫ್ಲ್ಯಾಶ್ ಆಟದ ಒಳಗನ್ನು ಸುಲಭವಾಗಿ ತೆರೆದು ನೋಡುವಂತಿರಲಿಲ್ಲ, ಸರಳ ಜಾವಾಸ್ಕ್ರಿಪ್ಟ್ ಆಟದ ಒಳಗನ್ನು ಯಾವ ವಿದ್ಯಾರ್ಥಿಯೂ ತೆರೆಯಬಹುದು.

ಕರ್ನಾಟಕದ ಶಾಲೆಗಳಲ್ಲಿ

ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಾಲಿಟ್ಟದ್ದು ಕೇಂದ್ರ ಸರ್ಕಾರ 1984ರಲ್ಲಿ ಬಿಬಿಸಿ ಮೈಕ್ರೊ ಯಂತ್ರಗಳೊಂದಿಗೆ ಆರಂಭಿಸಿದ ಕ್ಲಾಸ್ ಯೋಜನೆಯಿಂದ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು 2001ರ ಮಾಹಿತಿ ಸಿಂಧು ಯೋಜನೆಯಲ್ಲಿ. ಸಾವಿರ ಶಾಲೆಗಳನ್ನು ಆಯ್ದು, ಯಂತ್ರಗಳನ್ನೂ ಬೋಧನೆಯನ್ನೂ ಖಾಸಗಿ ತರಬೇತಿ ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಗುತ್ತಿಗೆಯ ಅವಧಿ ಮುಗಿದಾಗ ಬೋಧಕರೂ ಹೊರಟರು. ಶಾಲೆಯ ಕಾಯಂ ಶಿಕ್ಷಕರಿಗೆ ಕಂಪ್ಯೂಟರ್ ಕೋಣೆ ಪರಕೀಯವಾಗಿಯೇ ಉಳಿಯಿತು. ಅದೇ ಕಾಲಕ್ಕೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕನ್ನಡದಲ್ಲಿ ಆಟದ ರೂಪದ ಪಾಠಗಳ ಸಿ.ಡಿ.ಗಳನ್ನು ತಯಾರಿಸಿ ಹಳ್ಳಿಯ ಶಾಲೆಗಳಿಗೆ ಹಂಚಿತು. ಕೆಲವು ವರ್ಷಗಳ ನಂತರ ಶಿಕ್ಷಣದಲ್ಲಿ ತಂತ್ರಜ್ಞಾನದ ಮಿತಿಗಳ ಬಗ್ಗೆ ಮುಕ್ತವಾಗಿ ಮಾತಾಡಿದವರಲ್ಲಿ ಆ ಪ್ರತಿಷ್ಠಾನದವರೂ ಸೇರಿದ್ದರು. ಆ ಸಿ.ಡಿ.ಗಳಲ್ಲಿ ಮಕ್ಕಳದು ಆಡುವ ಪಾತ್ರ. ಮಾಡುವ ಕೆಲಸವನ್ನೆಲ್ಲ ಬೇರೆಯವರು ಮುಗಿಸಿಯಾಗಿತ್ತು.

ಮುಂದೆ ಐಸಿಟಿ ಯೋಜನೆಯ ಹಂತಗಳೂ ಟಿ.ಎ.ಎಲ್.ಪಿ. ಎಂಬ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮವೂ ಬಂದವು. ತರಬೇತಿಯ ಗಮನ ಹೊರಗಿನ ಬೋಧಕರಿಂದ ವಿಷಯ ಶಿಕ್ಷಕರ ಕಡೆಗೆ ತಿರುಗಿತು. ರಾಜ್ಯದ ಶಿಕ್ಷಣ ಇಲಾಖೆಯೊಂದಿಗೆ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಮತ್ತು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣದಿಂದಾಗಿ ಉಬುಂಟು, ಜಿಯೋಜೀಬ್ರಾ ಎಂಬ ತಂತ್ರಾಂಶಗಳ ಹೆಸರುಗಳು ಗಣಿತ ಶಿಕ್ಷಕರಿಗೆ ಪರಿಚಿತವಾದವು. ಮುಂದೆ ಹೇಳುವ ಕ್ರಮಕ್ಕೆ ಈ ಪರಿಚಯವೇ ನಿಜವಾದ ಬಂಡವಾಳ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಆಯ್ದ ಶಾಲೆಗಳಿಗೆ ಬಂದಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯಿಂದಾಚೆಗೆ ಕೋಡಿಂಗ್ ಚಟುವಟಿಕೆಗಳಿರಬೇಕು ಎಂದಿತು. ಆದರೂ ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿಯಲ್ಲಿ ಪ್ರೋಗ್ರಾಮಿಂಗ್ ಕಡ್ಡಾಯ ವಿಷಯವಲ್ಲ. ಪರೀಕ್ಷೆಯಲ್ಲಿಲ್ಲದ ವಿಷಯಕ್ಕೆ ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ಯಾವ ಗತಿಯೆಂದು ಕನ್ನಡ ಓದುಗರಿಗೆ ವಿವರಿಸಬೇಕಿಲ್ಲ.

ಎರಡು ಊರುಗಳು

ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆ, ಗಿರಣಿಗಳು ಸೊರಗಿದ ಮೇಲೆ ಕಾಲೇಜುಗಳ ಊರಾಯಿತು. ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಷ್ಟು ಹಿಂದಿನದು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿತು, ಅದರ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. 1997ರಲ್ಲಿ ಊರು ಜಿಲ್ಲಾಕೇಂದ್ರವಾಯಿತು, 2009ರಲ್ಲಿ ವಿಶ್ವವಿದ್ಯಾಲಯ ಬಂತು, 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಹೆಸರು ಸೇರಿತು. ಕಂಪ್ಯೂಟರ್ ವಿಜ್ಞಾನ ಓದಿದ ತರುಣರು ಇಲ್ಲಿ ವರ್ಷವರ್ಷವೂ ತಯಾರಾಗುತ್ತಾರೆ, ಬಹುಪಾಲು ಬೆಂಗಳೂರಿನ ರೈಲು ಹತ್ತುತ್ತಾರೆ. ಅವರು ಓದಿದ ಕಾಲೇಜಿನ ಹತ್ತಿರವೇ ಇರುವ ಸರ್ಕಾರಿ ಪ್ರೌಢಶಾಲೆಯ ಮಗು ಒಂದು ಸಾಲು ಕೋಡನ್ನೂ ಬರೆಯದೆ ಹತ್ತನೆಯ ತರಗತಿ ಮುಗಿಸುವುದು ಸಾಮಾನ್ಯ.

ಹರಿಹರದ ಕಥೆ ಬೇರೆ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಈ ಊರಿನ ಹೆಸರನ್ನು ದೇಶದ ವರ್ಕ್‌ಶಾಪುಗಳಿಗೆ ಒಯ್ದವು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿದರೂ ಲೋಹ ಕಡೆಯುವ ವಿದ್ಯೆ ಊರು ಬಿಡಲಿಲ್ಲ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಲ್ಲಿದೆ. ಇಂದಿನ ಲೇತು ಕಂಪ್ಯೂಟರ್ ನಡೆಸುವ ಸಿಎನ್‌ಸಿ, ಅದರ ಭಾಷೆ ಜಿ-ಕೋಡ್. ಉಪಕರಣ ವೇಗವಾಗಿ ಸರಿಯಬೇಕಾದರೆ ಜಿ00, ಕಡೆಯುತ್ತಾ ನೇರ ಸಾಗಬೇಕಾದರೆ ಜಿ01, ಜೊತೆಗೆ ಎಕ್ಸ್ ಮತ್ತು ಝಡ್ ಅಕ್ಷಗಳ ಅಳತೆ. ಬರೆದ ಸಂಖ್ಯೆಯನ್ನು ಯಂತ್ರ ಅಕ್ಷರಶಃ ಪಾಲಿಸುತ್ತದೆ, ಬಿಂದುವೊಂದು ತಪ್ಪಿದರೆ ಉಪಕರಣವೇ ಮುರಿಯುತ್ತದೆ. ಹರಿಹರದಲ್ಲಿ ಪ್ರೋಗ್ರಾಮಿಂಗ್ ಪರಂಪರೆಯೊಂದನ್ನು ಹುಡುಕುವುದಾದರೆ ಸಾಫ್ಟ್‌ವೇರ್ ಕಚೇರಿಗಳಿಗಿಂತ ಮೊದಲು ಈ ಶೆಡ್ಡುಗಳಲ್ಲಿ ಹುಡುಕಬೇಕು. ತಂದೆ ಸಿಎನ್‌ಸಿ ಆಪರೇಟರ್ ಆಗಿರುವ ಹುಡುಗಿಗೆ ‘ಎಕ್ಸ್ 120, ವೈ 40’ ಎಂದರೆ ಪಠ್ಯಪುಸ್ತಕದ ಮಾತಾಗಿ ಕೇಳಿಸಬೇಕಿಲ್ಲ.

ಬ್ರೌಸರೇ ಏಕೆ

ಕಾರಣ ಸರಳ: ಬೇರೆ ಯಾವುದೂ ಬೇಕಾಗುವುದಿಲ್ಲ. ಶಾಲೆಯ ಲ್ಯಾಬಿನಲ್ಲಿ ಹೊಸ ತಂತ್ರಾಂಶ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಯಾರಲ್ಲಿದೆ ಎಂಬುದೇ ಅನೇಕ ಶಾಲೆಗಳಲ್ಲಿ ಮೊದಲ ಪ್ರಶ್ನೆ. ಬ್ರೌಸರ್ ಮತ್ತು ನೋಟ್‌ಪ್ಯಾಡ್ ಮಾತ್ರ ಯಾವ ಹಳೆಯ ಯಂತ್ರದಲ್ಲೂ ಇರುತ್ತವೆ. ಎಚ್‌ಟಿಎಮ್‌ಎಲ್ ಕಡತ ಒಂದೇ ಸಾಕು. ಅದರೊಳಗೇ ಪುಟ, ಚಿತ್ರ ಬಿಡಿಸುವ ಜಾಗ, ಆಟದ ನಿಯಮ ಎಲ್ಲವೂ ಅಡಗುತ್ತವೆ. ಇಂಟರ್ನೆಟ್ ಬೇಕಿಲ್ಲ. ಸಂಪರ್ಕ ಕಡಿದಾಗ ಕ್ರೋಮ್ ತೋರಿಸುವ ಡೈನೋಸಾರ್ ಆಟವೇ ಇದಕ್ಕೆ ಸಾಕ್ಷಿ. 2014ರಿಂದ ಬ್ರೌಸರಿನೊಳಗೇ ಇರುವ ಆ ಓಟದ ಆಟವನ್ನು ಲ್ಯಾಬಿನ ಮಕ್ಕಳು ಮೇಷ್ಟ್ರು ಹೇಳಿಕೊಡುವ ಮೊದಲೇ ಕಂಡುಹಿಡಿದಿರುತ್ತಾರೆ. ಅದನ್ನೇ ಮೊದಲ ಪಾಠ ಮಾಡಬಹುದು: ಕಳ್ಳಿ ಏಕೆ ಒಂದೇ ಅಂತರದಲ್ಲಿ ಬರುವುದಿಲ್ಲ, ವೇಗ ಯಾವಾಗ ಹೆಚ್ಚುತ್ತದೆ, ಬಡಿದದ್ದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?

ಮಾಡಿದ ಆಟವನ್ನು ಮೊಬೈಲಿಗೆ ಒಯ್ಯಬಹುದೆಂಬುದು ಇನ್ನೊಂದು ಅನುಕೂಲ. ಕಂಪ್ಯೂಟರ್ ಇಲ್ಲದ ಮನೆಯಲ್ಲೂ ಸ್ಮಾರ್ಟ್‌ಫೋನ್ ಇರುತ್ತದೆ. ಆದರೆ ಬಾಣದ ಕೀಲಿಗೆ ಸ್ಪಂದಿಸುವಂತೆ ಬರೆದ ಆಟ ಫೋನಿನಲ್ಲಿ ಅಲುಗಾಡುವುದಿಲ್ಲ, ಅಲ್ಲಿ ಕೀಲಿಗಳೇ ಇಲ್ಲ. ಬೆರಳಿನ ಸ್ಪರ್ಶಕ್ಕೆ ಬೇರೆ ಸಾಲು ಬರೆಯಬೇಕು. ತನ್ನ ಆಟವನ್ನು ಅಮ್ಮನ ಫೋನಿನಲ್ಲಿ ತೋರಿಸಬೇಕೆಂಬ ಆಸೆಯಿಂದಲೇ ವಿದ್ಯಾರ್ಥಿ ಆ ಸಾಲನ್ನು ಕಲಿಯುತ್ತಾನೆ.

ಪುಟ್ಟ ತೊಡಕುಗಳು ಮೊದಲ ದಿನವೇ ಎದುರಾಗುತ್ತವೆ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದ ಕಡತದ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಸೇರಿಕೊಂಡು, ಆಟ ಓಡುವ ಬದಲು ಬರೆದದ್ದೇ ತೆರೆಯುತ್ತದೆ. ಹಳೆಯ ವಿಂಡೋಸಿನ ನೋಟ್‌ಪ್ಯಾಡ್ ಯುಟಿಎಫ್-8ರ ಬದಲು ಆ್ಯನ್ಸಿ ರೂಪದಲ್ಲಿ ಉಳಿಸುವುದರಿಂದ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಈ ದೋಷ 2019ರ ವಿಂಡೋಸ್ ಪರಿಷ್ಕರಣೆಯಿಂದೀಚೆಗೆ ಇಲ್ಲ, ಆದರೆ ಶಾಲೆಗಳ ಯಂತ್ರಗಳು ಅದಕ್ಕಿಂತ ಹಿಂದಿನವಿರಬಹುದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಅಂಟಿಸಿದರೆ ಬ್ರೌಸರಿನಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು, ಯುನಿಕೋಡ್‌ನಲ್ಲೇ ಟೈಪಿಸಬೇಕು.

ಆಟಗಳೂ ಅವುಗಳೊಳಗಿನ ಗಣಿತವೂ

ಸಂಖ್ಯೆ ಊಹಿಸುವ ಆಟ ಸಾಮಾನ್ಯವಾಗಿ ಮೊದಲನೆಯದು. ಕಂಪ್ಯೂಟರ್ 1ರಿಂದ 100ರೊಳಗಿನ ಸಂಖ್ಯೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಹೆಚ್ಚಾಯಿತು’, ‘ಕಡಿಮೆಯಾಯಿತು’ ಎನ್ನುತ್ತದೆ. ಹತ್ತು ಹದಿನೈದು ಸಾಲಿನ ಈ ಪ್ರೋಗ್ರಾಮಿನಲ್ಲಿ ವೇರಿಯಬಲ್, ಷರತ್ತು, ಪುನರಾವರ್ತನೆ ಮೂರೂ ಬರುತ್ತವೆ. ಪ್ರತಿಸಲವೂ ನಡುವಿನ ಸಂಖ್ಯೆ ಹೇಳಿದರೆ ಏಳು ಊಹೆಯೊಳಗೆ ಉತ್ತರ ಸಿಕ್ಕೇ ಸಿಗುತ್ತದೆ, ಏಕೆಂದರೆ ಎರಡರ ಏಳನೆಯ ಘಾತ 128. ಮಿತಿಯನ್ನು 1,000ಕ್ಕೆ ಏರಿಸಿದರೆ ಎಷ್ಟು ಊಹೆ ಬೇಕು ಎಂದು ಕೇಳಿದಾಗ ತರಗತಿ ಎಪ್ಪತ್ತು ಎನ್ನುತ್ತದೆ, ಹತ್ತು ಸಾಕು. ಘಾತಾಂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುವುದು ಕಷ್ಟ.

ಎರಡನೆಯದು ಚೆಂಡು ಮತ್ತು ಹಲಗೆ. ವಂಶಾವಳಿ ಹುಡುಕಿದರೆ 1972ರ ಪಾಂಗ್, 1976ರ ಬ್ರೇಕ್‌ಔಟ್ ಆಟಗಳವರೆಗೆ ಹೋಗುತ್ತದೆ. ಚೆಂಡಿಗೆ ಎರಡು ಸಂಖ್ಯೆ ಸ್ಥಾನ ಹೇಳಲು, ಇನ್ನೆರಡು ಸಂಖ್ಯೆ ವೇಗ ಹೇಳಲು. ಗೋಡೆ ತಾಗಿದಾಗ ವೇಗದ ಚಿಹ್ನೆಯನ್ನು ಬದಲಿಸಿದರೆ ಚೆಂಡು ತಿರುಗುತ್ತದೆ. ಋಣ ಸಂಖ್ಯೆ ಏತಕ್ಕೆ ಎಂದು ಏಳನೆಯ ತರಗತಿಯಲ್ಲಿ ಕೇಳಿ ಉತ್ತರ ಸಿಗದವರಿಗೆ ಇಲ್ಲಿ ಸಿಗುತ್ತದೆ. ಕ್ಯಾನ್‌ವಾಸಿನಲ್ಲಿ ವೈ ಅಕ್ಷ ಮೇಲಿನಿಂದ ಕೆಳಗೆ ಬೆಳೆಯುತ್ತದೆ, ಗ್ರಾಫ್ ಹಾಳೆಗೆ ತದ್ವಿರುದ್ಧ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ತರಗತಿಯ ಚೆಂಡುಗಳು ಹಾರಬೇಕಾದಲ್ಲಿ ಮುಳುಗುತ್ತವೆ. ಚೆಂಡು ಪಕ್ಕದಿಂದ ಬಂದು ಹಲಗೆಯೊಳಗೆ ಸಿಕ್ಕಿಕೊಂಡರೆ, ಪ್ರತಿ ಚೌಕಟ್ಟಿಗೂ (ಫ್ರೇಮಿಗೂ) ಚಿಹ್ನೆ ಬದಲಾಗುತ್ತಾ ಅಲ್ಲೇ ನಡುಗುತ್ತದೆ. ಈ ನಡುಕವನ್ನು ಬಿಡಿಸಲು ಕೂತ ವಿದ್ಯಾರ್ಥಿ, ಷರತ್ತು ಎಂದರೇನೆಂದು ವ್ಯಾಖ್ಯೆ ಬಾಯಿಪಾಠ ಮಾಡಿದವನಿಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಾನೆ.

ಲ್ಯಾಬಿನ ಹಳೆಯ ಯಂತ್ರಗಳೂ ಇಲ್ಲಿ ಪಾಠ ಹೇಳುತ್ತವೆ. ಪ್ರತಿ ಚೌಕಟ್ಟಿಗೆ 4 ಪಿಕ್ಸೆಲ್ ಸರಿಯುವ ಚೆಂಡು, ಸೆಕೆಂಡಿಗೆ 60 ಚೌಕಟ್ಟು ತೋರಿಸುವ ಯಂತ್ರದಲ್ಲಿ 240 ಪಿಕ್ಸೆಲ್ ಸಾಗಿದರೆ, 25 ಮಾತ್ರ ತೋರಿಸಬಲ್ಲ ಮುದಿ ಯಂತ್ರದಲ್ಲಿ 100 ಪಿಕ್ಸೆಲ್ ಸಾಗುತ್ತದೆ. ಎರಡರಲ್ಲೂ ಆಟ ಒಂದೇ ಆಗಬೇಕಾದರೆ ಕಳೆದ ಸಮಯದಿಂದ ವೇಗವನ್ನು ಗುಣಿಸಬೇಕು. ಒಂಬತ್ತನೆಯ ತರಗತಿಯ ವಿಜ್ಞಾನದ ‘ಚಲನೆ’ ಅಧ್ಯಾಯದ ಸೂತ್ರ ಇದೇ. ಎರಡು ವೃತ್ತಗಳು ತಾಗಿದವೋ ಇಲ್ಲವೋ ಎಂದು ತಿಳಿಯಲು ಹತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತದ ದೂರಸೂತ್ರ ಬೇಕು: ಕೇಂದ್ರಗಳ ನಡುವಿನ ದೂರ ತ್ರಿಜ್ಯಗಳ ಮೊತ್ತಕ್ಕಿಂತ ಕಡಿಮೆಯಾದರೆ ಡಿಕ್ಕಿ. ಹೀಗಾಗಿ ಈ ಬೋಧನೆಗೆ ತಕ್ಕವರು ಕಂಪ್ಯೂಟರ್ ಬೋಧಕರಿಗಿಂತ ಗಣಿತ ಶಿಕ್ಷಕರು ಎಂಬುದು ಈ ಲೇಖನದ ನಿಲುವು.

ಸ್ಥಳೀಯತೆಯ ಹೆಸರಿನಲ್ಲಿ ಚೆಂಡಿನ ಜಾಗಕ್ಕೆ ಬೆಣ್ಣೆ ದೋಸೆಯ ಚಿತ್ರ ಹಾಕುವುದು ಸುಲಭ. ಮಕ್ಕಳು ನಗುತ್ತಾರೆ, ನಗಲಿ; ಆದರೆ ಪ್ರೋಗ್ರಾಮಿನಲ್ಲಿ ಏನೂ ಬದಲಾಗಿರುವುದಿಲ್ಲ. ನಿಯಮಗಳೇ ನಮ್ಮವಾಗಿರುವ ಆಟ ತೆಗೆದುಕೊಂಡಾಗ ಸಂಗತಿ ಬೇರೆಯಾಗುತ್ತದೆ. ಚೌಕಾಬಾರವನ್ನೇ ನೋಡಬಹುದು. ಐದಕ್ಕೆ ಐದು ಮನೆ, ನಾಲ್ಕು ಕವಡೆ. ಒಂದು, ಎರಡು, ಮೂರು ಕವಡೆ ಅಂಗಾತ ಬಿದ್ದರೆ ಅಷ್ಟೇ ಮನೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಊರಿಂದೂರಿಗೆ ನಿಯಮದಲ್ಲಿ ಚೂರುಪಾರು ವ್ಯತ್ಯಾಸವುಂಟು. ವಿದ್ಯಾರ್ಥಿ ಮೊದಲು ಬರೆಯುವುದು 1, 2, 3, 4, 8 ಎಂಬ ಐದರಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸುವ ಸಾಲು. ಆಡಿ ನೋಡಿದ ಗೆಳತಿ ಕೂಡಲೇ ತಕರಾರು ತೆಗೆಯುತ್ತಾಳೆ: ಬಾರ ಇಷ್ಟು ಸಲ ಬೀಳುವುದಿಲ್ಲ! ಅವಳ ಮಾತು ನಿಜ. ನಾಲ್ಕು ಕವಡೆ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬರುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಬಾರ ಒಂದೊಂದೇ ಬಗೆಯಲ್ಲಿ. ಹತ್ತು ಸಾವಿರ ಸಲ ಎಸೆಯಿಸಿದರೆ ಮೊದಲಿನ ಪ್ರೋಗ್ರಾಂ ಸುಮಾರು 2,000 ಸಲ ಎಂಟು ಕೊಡುತ್ತದೆ. ಕವಡೆಗಳನ್ನು ಒಂದೊಂದಾಗಿ ಎಸೆಯುವಂತೆ ತಿದ್ದಿದ್ದು ಸುಮಾರು 625 ಸಲ. ನಿಜವಾದ ಕವಡೆ ಎರಡೂ ಕಡೆ ಸಮನಾಗಿ ಬೀಳುವುದಿಲ್ಲವಾದ್ದರಿಂದ, ಮನೆಯ ಕವಡೆಯನ್ನೇ ನೂರಿನ್ನೂರು ಸಲ ಎಸೆದು ಲೆಕ್ಕ ತೆಗೆದು ಆ ಅನುಪಾತವನ್ನು ಪ್ರೋಗ್ರಾಮಿಗೆ ಕೊಡಬಹುದು. ಸಂಭವನೀಯತೆಯ ಅಧ್ಯಾಯ ಇಷ್ಟು ಜೀವಂತವಾಗಿ ಪಠ್ಯದಲ್ಲಿಲ್ಲ.

ಕಾಯಿ ನಡೆಸುವುದೂ ಹಾಗೆಯೇ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1, ಒಟ್ಟು 25. ಪ್ರತಿ ಮನೆಗೂ ‘ಇಲ್ಲಿಂದ ಎಡಕ್ಕೆ, ಅಲ್ಲಿಂದ ಮೇಲಕ್ಕೆ’ ಎಂದು ಷರತ್ತು ಬರೆಯಹೊರಟವನ ಪ್ರೋಗ್ರಾಂ ಪುಟಗಟ್ಟಲೆ ಬೆಳೆಯುತ್ತದೆ. ದಾರಿಯನ್ನೇ ಒಂದು ಪಟ್ಟಿಯಾಗಿ ಬರೆದು, ಕಾಯಿ ಪಟ್ಟಿಯ ಎಷ್ಟನೆಯ ಜಾಗದಲ್ಲಿದೆ ಎಂಬ ಒಂದೇ ಸಂಖ್ಯೆಯನ್ನು ನೆನಪಿಟ್ಟುಕೊಂಡವನದು ಕೆಲವೇ ಸಾಲಿನಲ್ಲಿ ಮುಗಿಯುತ್ತದೆ. ನಾಲ್ವರು ಆಟಗಾರರು ಹೊರಡುವ ಮನೆಗಳ ನಡುವೆ ನಾಲ್ಕು ನಾಲ್ಕು ಮನೆಯ ಅಂತರ. ಹದಿನಾರರಿಂದ ಭಾಗಿಸಿ ಶೇಷ ತೆಗೆದುಕೊಂಡರೆ ಯಾರ ಕಾಯಿ ಯಾವ ಮನೆಯಲ್ಲಿದೆ ಎಂದು ತಿಳಿಯುತ್ತದೆ, ಹೊಡೆಯುವುದೂ ಸಾಧ್ಯವಾಗುತ್ತದೆ. ಮಾಹಿತಿಯನ್ನು ಹೇಗೆ ಜೋಡಿಸಿಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಪ್ರೋಗ್ರಾಮಿನ ಉದ್ದ ನಿಂತಿದೆ ಎಂಬುದನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ಸೆಮಿಸ್ಟರ್ ಪಾಠ ಮಾಡುತ್ತಾರೆ.

ಆಡುಹುಲಿ, ಸಾಲುಮನೆ, ಅಳಗುಳಿಮಣೆಗಳೂ ಹೀಗೆಯೇ ಬಳಕೆಗೆ ಬರುತ್ತವೆ. ಹಾವಿನ ಆಟ 1997ರ ನೋಕಿಯಾ 6110 ಫೋನಿನಿಂದ ಮನೆಮಾತಾದದ್ದು. ಪಟ್ಟಿಯ ತಲೆಗೆ ಸೇರಿಸಿ ಬಾಲದಿಂದ ತೆಗೆಯುವುದನ್ನು ಅದು ಅಚ್ಚುಕಟ್ಟಾಗಿ ಕಲಿಸುತ್ತದೆ.

ಕನ್ನಡದ ಪ್ರಶ್ನೆ

ಜಾವಾಸ್ಕ್ರಿಪ್ಟಿನ ಮೂಲಪದಗಳು ಇಂಗ್ಲಿಷಿನವು. ಇಫ್, ಎಲ್ಸ್, ಫಾರ್, ಫಂಕ್ಷನ್ ಮುಂತಾದವನ್ನು ಬದಲಿಸಲಾಗದು. ಆದರೆ ವೇರಿಯಬಲ್ ಮತ್ತು ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು ಎಂಬುದು ಶಿಕ್ಷಕರಲ್ಲೂ ಹಲವರಿಗೆ ಸುದ್ದಿ. ಅಂಕ, ವೇಗ, ಚೆಂಡು, ಕವಡೆ_ಎಸೆ ಎಂಬ ಹೆಸರುಗಳನ್ನು ಬ್ರೌಸರ್ ತಕರಾರಿಲ್ಲದೆ ಒಪ್ಪುತ್ತದೆ. ಇದರಿಂದ ಕನ್ನಡ ಮಾಧ್ಯಮದ ಮಗುವಿಗೆ ದೊಡ್ಡ ಲಾಭವೊಂದಿದೆ: ಯಾವುದು ಭಾಷೆಯ ಸ್ವಂತ ಪದ, ಯಾವುದು ತಾನಿಟ್ಟ ಹೆಸರು ಎಂಬುದು ಲಿಪಿಯಿಂದಲೇ ಬೇರೆಯಾಗಿ ಕಾಣುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಈ ಸೌಕರ್ಯವಿಲ್ಲ. ಪ್ರತಿ ಹೆಸರಿಗೂ ಕೀಲಿಮಣೆಯ ಭಾಷೆ ಬದಲಿಸುವ ಕಿರಿಕಿರಿ ಇದ್ದೇ ಇದೆ. ಕೆಲಸದ ಲೋಕದಲ್ಲಿ ಹೀಗೆ ಬರೆಯುವುದಿಲ್ಲ ಎಂಬ ಆಕ್ಷೇಪವೂ ಸರಿಯೇ. ಮೊದಲ ಕೆಲವು ತಿಂಗಳ ಊರುಗೋಲಾಗಿ ಮಾತ್ರ ಇದನ್ನು ಒಪ್ಪಬೇಕು.

ದೊಡ್ಡಕ್ಷರ, ಸಣ್ಣಕ್ಷರದ ಭೇದ ಕನ್ನಡ ಲಿಪಿಯಲ್ಲಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಅದೇ ಪ್ರಾಣ. ಪುಟದ ಭಾಗವೊಂದನ್ನು ಹುಡುಕುವ ‘ಗೆಟ್ ಎಲಿಮೆಂಟ್ ಬೈ ಐಡಿ’ ಎಂಬ ಆಜ್ಞೆಯಲ್ಲಿ ಯಾವ ಅಕ್ಷರ ದೊಡ್ಡದು, ಯಾವುದು ಸಣ್ಣದು ಎಂದು ತಡಕಾಡುವುದರಲ್ಲೇ ಒಂದು ಪೀರಿಯಡ್ ಹೋಗಿಬಿಡಬಹುದು. ತಪ್ಪು ಸಂದೇಶಗಳೂ ಇಂಗ್ಲಿಷಿನಲ್ಲೇ ಬರುತ್ತವೆ. ಪದೇ ಪದೇ ಕಾಣುವ ಏಳೆಂಟು ಸಂದೇಶಗಳನ್ನೂ ಅವುಗಳ ಕಾರಣಗಳನ್ನೂ ಕನ್ನಡದಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿದರೆ ಶಿಕ್ಷಕರ ಗಂಟಲು ಉಳಿಯುತ್ತದೆ.

ಕನ್ನಡದಲ್ಲಿ ಪದದ ಆಟ ಬರೆಯಹೊರಟಾಗ ಸೊಗಸಾದ ಸಮಸ್ಯೆಯೊಂದು ಎದುರಾಗುತ್ತದೆ. ‘ಹರಿಹರ’ ಪದದ ಉದ್ದ ಎಷ್ಟು? ಮಗು ನಾಲ್ಕು ಎನ್ನುತ್ತದೆ, ಬ್ರೌಸರ್ ಐದು ಎನ್ನುತ್ತದೆ. ‘ದಾವಣಗೆರೆ’ಗೆ ಮಗು ಐದು, ಬ್ರೌಸರ್ ಎಂಟು. ‘ತುಂಗಭದ್ರಾ’ ನಮಗೆ ನಾಲ್ಕಕ್ಷರ, ಯಂತ್ರಕ್ಕೆ ಒಂಬತ್ತು. ಯುನಿಕೋಡ್ ಗುಣಿತ ಚಿಹ್ನೆಗಳನ್ನೂ ಅನುಸ್ವಾರವನ್ನೂ ಒತ್ತಕ್ಷರ ಮಾಡುವ ಹಲಂತವನ್ನೂ ಪ್ರತ್ಯೇಕವಾಗಿ ಎಣಿಸುವುದೇ ಕಾರಣ. ‘ಹರಿಹರ’ವನ್ನು ಯಂತ್ರದಿಂದ ತಿರುವುಮುರುವು ಮಾಡಿಸಿದರೆ ‘ರಹರಿಹ’ ಬರಬೇಕಾದಲ್ಲಿ ‘ರಹಿರಹ’ ಬರುತ್ತದೆ. ಗುಡಿಸು ‘ರ’ವನ್ನು ಬಿಟ್ಟು ‘ಹ’ಕ್ಕೆ ಹತ್ತಿರುತ್ತದೆ. ಅಕ್ಷರ ಬಿಡಿಸುವ ಸೌಲಭ್ಯ ಹೊಸ ಬ್ರೌಸರುಗಳಲ್ಲಿದ್ದರೂ ಒತ್ತಕ್ಷರವನ್ನು ಅದು ಒಡೆಯಬಹುದು. ಆದ್ದರಿಂದ ನಿಯಮವನ್ನು ವಿದ್ಯಾರ್ಥಿಗಳೇ ಬರೆಯುವುದು ಮೇಲು: ಗುಣಿತ ಚಿಹ್ನೆಯೋ ಅನುಸ್ವಾರವೋ ಬಂದರೆ ಹಿಂದಿನದಕ್ಕೆ ಸೇರಿಸು, ಹಲಂತ ಬಂದರೆ ಅದನ್ನೂ ಮುಂದಿನ ವ್ಯಂಜನವನ್ನೂ ಸೇರಿಸು, ಇಲ್ಲವಾದರೆ ಹೊಸ ಅಕ್ಷರ ಆರಂಭಿಸು. ಇದನ್ನು ಬರೆಯಲು ಬೇಕಾದ ವ್ಯಾಕರಣ ಪ್ರಾಥಮಿಕ ಶಾಲೆಯಲ್ಲೇ ಮುಗಿದಿರುತ್ತದೆ. ಕನ್ನಡ ಶಿಕ್ಷಕರು ಲ್ಯಾಬಿಗೆ ಬರಲು ಒಂದು ಕಾರಣವೂ ಸಿಕ್ಕಂತಾಗುತ್ತದೆ.

ಕನ್ನಡ ಅಂಕಿಗಳಿಗೂ ಇಂಥದೇ ಗತಿ. ಊಹೆಯ ಪೆಟ್ಟಿಗೆಯಲ್ಲಿ ೧೦ ಎಂದು ಟೈಪಿಸಿದರೆ ಬ್ರೌಸರ್ ಅದನ್ನು ಸಂಖ್ಯೆ ಎಂದೇ ಒಪ್ಪುವುದಿಲ್ಲ. ಯುನಿಕೋಡಿನಲ್ಲಿ ಕನ್ನಡದ ವಿಭಾಗ 3200ರಿಂದ ಆರಂಭ. ೦ ಎಂಬ ಅಂಕಿಯ ಸಂಕೇತಸಂಖ್ಯೆ 3302. ಟೈಪಿಸಿದ ಅಂಕಿಯ ಸಂಕೇತಸಂಖ್ಯೆಯಿಂದ 3302 ಕಳೆದರೆ ಬೇಕಾದ ಬೆಲೆ ಸಿಗುತ್ತದೆ.

ತರಗತಿಯ ರೀತಿ

ಖಾಲಿ ಪುಟ ಕೊಟ್ಟು ‘ಆಟ ಬರೆಯಿರಿ’ ಎಂದರೆ ಏನೂ ಆಗುವುದಿಲ್ಲ. ಓಡುವ ಆಟವೊಂದನ್ನು ಕೊಟ್ಟು, ಏನಾಗುತ್ತದೆಂದು ಊಹಿಸಲು ಹೇಳಿ, ಓಡಿಸಿ, ಒಳಗನ್ನು ಪರಿಶೀಲಿಸಿ, ಬದಲಿಸಿ, ಆಮೇಲೆ ಹೊಸತು ಮಾಡಿಸುವ ಕ್ರಮವನ್ನು ಬ್ರಿಟನ್ನಿನ ಸೂ ಸೆಂಟೆನ್ಸ್ ಮತ್ತು ಸಂಗಡಿಗರು ರೂಪಿಸಿದ್ದಾರೆ; ಪ್ರಿಮ್ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ. ಕರೆಂಟ್ ಹೋದ ದಿನಕ್ಕೆ ಪಾರ್ಸನ್ಸ್ ಸಮಸ್ಯೆಗಳಿವೆ: ಪ್ರೋಗ್ರಾಮಿನ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ ಕಲಸಿ, ಸರಿಯಾದ ಕ್ರಮದಲ್ಲಿ ಜೋಡಿಸಲು ಹೇಳುವುದು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಕಂಪ್ಯೂಟರಿಲ್ಲದ ಕಂಪ್ಯೂಟರ್ ಪಾಠಗಳೂ, ಎಸಿಎಂ ಇಂಡಿಯಾ 2016ರಲ್ಲಿ ಆರಂಭಿಸಿದ ಸಿಎಸ್‌ಪಾಠಶಾಲಾದ ಸಾಮಗ್ರಿಯೂ ಇದೇ ಜಾತಿಯವು.

ಒಂದು ಯಂತ್ರದ ಮುಂದೆ ಮೂರು ನಾಲ್ಕು ಮಕ್ಕಳು ಕೂರುವುದು ನಮ್ಮ ಲ್ಯಾಬುಗಳ ವಾಸ್ತವ. ಯಾರೂ ಹೇಳದಿದ್ದರೆ ಮೌಸ್ ಹಿಡಿದವನೇ ಕೊನೆಯವರೆಗೆ ಹಿಡಿದಿರುತ್ತಾನೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ದಾವಣಗೆರೆ-ಹರಿಹರದ ಬಸ್ಸಿನಲ್ಲಿ ಡ್ರೈವರ್ ಮತ್ತು ಕಂಡಕ್ಟರ್ ಇರುವಂತೆ ಒಬ್ಬರು ಟೈಪಿಸಬೇಕು, ಇನ್ನೊಬ್ಬರು ದಾರಿ ಹೇಳಬೇಕು. ಬಸ್ಸಿನಲ್ಲಿ ಆಗದ್ದು ಇಲ್ಲಿ ಆಗಬೇಕು, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಬೇಕು.

ಕಲಿಸುವವರು ಎದುರುನೋಡಬೇಕಾದ ಗೊಂದಲವೊಂದು ಗಣಿತದಿಂದಲೇ ಬರುತ್ತದೆ. ‘ಅಂಕ = ಅಂಕ + 1’ ಎಂಬ ಸಾಲು ಬೀಜಗಣಿತ ಓದಿದ ಮಗುವಿಗೆ ಶುದ್ಧ ತಪ್ಪು. ಇಲ್ಲಿ ಸಮ ಚಿಹ್ನೆ ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಒಪ್ಪಿಸುವ ಆಜ್ಞೆ. ಸಮವೇ ಎಂದು ಕೇಳುವುದಕ್ಕೆ ಮೂರು ಸಮ ಚಿಹ್ನೆ ಬೇಕು. ಜಾಣ ವಿದ್ಯಾರ್ಥಿಗಳೇ ಈ ಸಾಲಿನಲ್ಲಿ ಎಡವುತ್ತಾರೆ, ಏಕೆಂದರೆ ಅವರು ಗಣಿತವನ್ನು ನಂಬಿದವರು.

ಮಿತಿಗಳು

ಆಟದ ಸೆಳೆತವೇ ಒಮ್ಮೊಮ್ಮೆ ಅಡ್ಡಿ. ಬಣ್ಣ, ಚಿತ್ರ, ಸದ್ದು ಸೇರಿಸುವುದರಲ್ಲಿ ಕೆಲವರ ಹೊತ್ತೆಲ್ಲ ಕಳೆಯುತ್ತದೆ, ನಿಯಮದ ಒಂದು ಸಾಲೂ ಬೆಳೆಯುವುದಿಲ್ಲ. ಎಲ್ಲ ಮಕ್ಕಳಿಗೂ ಆಟ ಇಷ್ಟವೆಂಬ ಗ್ರಹಿಕೆಯೂ ಸರಿಯಲ್ಲ. ಅಂಗಡಿ ಲೆಕ್ಕ, ರಂಗೋಲಿ, ಕ್ರಿಕೆಟ್ ಸ್ಕೋರು ಕೆಲವರನ್ನು ಹೆಚ್ಚು ಹಿಡಿಯುತ್ತವೆ. ಚುಕ್ಕಿ ರಂಗೋಲಿಯಂತೂ ಲೂಪ್ ಕಲಿಸಲು ಚೆಂಡಿನ ಆಟಕ್ಕಿಂತ ಒಂದು ಕೈ ಮೇಲು.

ಕೋಡಿಂಗನ್ನು ಭಯ ಹುಟ್ಟಿಸಿ ಮಾರುವ ವ್ಯಾಪಾರವೂ ಈ ನಡುವೆ ಬೆಳೆಯಿತು. 2020ರಲ್ಲಿ ವೈಟ್‌ಹ್ಯಾಟ್ ಜೂನಿಯರ್ ಕಂಪನಿಯ ಕೆಲವು ಜಾಹೀರಾತುಗಳನ್ನು ಹಿಂಪಡೆಯಬೇಕೆಂದು ಜಾಹೀರಾತು ಮಾನದಂಡ ಮಂಡಳಿ ಸೂಚಿಸಬೇಕಾಯಿತು. ಹದಿಮೂರರ ಹುಡುಗ ಕೋಟಿ ಗಳಿಸುತ್ತಾನೆಂಬ ಕನಸಿಗೂ, ಹದಿಮೂರರ ಹುಡುಗಿ ಬಾರ ಏಕೆ ಅಪರೂಪವೆಂದು ಲೆಕ್ಕ ಹಾಕುವುದಕ್ಕೂ ಸಂಬಂಧವಿಲ್ಲ. ಕೇಳಿದರೆ ಇಡೀ ಆಟವನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಾಣಗಳು ಈಗ ಹೊಸ ಪ್ರಶ್ನೆ ಎತ್ತಿವೆ. ಬರೆದುಕೊಟ್ಟದ್ದನ್ನು ಓದಿ ತಪ್ಪು ಹಿಡಿಯಬಲ್ಲವರಿಗೆ ಮಾತ್ರ ಅವು ಉಪಕಾರಿ.

ಸರ್ಕಾರಿ ಶಾಲೆಗಳಲ್ಲಿ ಇದನ್ನು ನಡೆಸಲು ಹೊಸ ಯೋಜನೆ, ಹೊಸ ಯಂತ್ರ ಬೇಕಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಾಮಾಜಿಕ ಸಂಪರ್ಕ ಮತ್ತು ಜವಾಬ್ದಾರಿ ಎಂಬ ವಿಷಯ 2021ರ ಯೋಜನೆಯಿಂದ ಇದೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳು ಅದರಡಿಯಲ್ಲಿ ನಗರದ ಮತ್ತು ಹರಿಹರದ ಸರ್ಕಾರಿ ಪ್ರೌಢಶಾಲೆಗಳನ್ನು ತಮ್ಮಲ್ಲಿ ಹಂಚಿಕೊಂಡು, ಗಣಿತ ಶಿಕ್ಷಕರ ಜೊತೆಗೆ ಕೆಲಸ ಮಾಡುವಂತೆ ವಿದ್ಯಾರ್ಥಿಗಳನ್ನು ವಾರಕ್ಕೊಂದು ಮಧ್ಯಾಹ್ನ ಕಳಿಸಲಿ. ಹೋಗುವವರು ಪೆನ್‌ಡ್ರೈವಿನಲ್ಲಿ ಮುಗಿಸಿದ ಆಟಗಳನ್ನು ಒಯ್ಯುವುದು ಬೇಡ, ಅರ್ಧ ಬರೆದ ಆಟಗಳನ್ನು ಒಯ್ಯಲಿ.